ಇನ್ನೂರ ನಲವತ್ತು ಗೂಟಗಳು

ಆದಿನಾರಾಯಣಪ್ಪನ ಕಷ್ಟಕ್ಕೆಲ್ಲ ಮೂಲ ಇನ್ನೂರ ನಲವತ್ತು ತಗಡಿನ ಚೂರುಗಳು.

ಸೀಮೆಎಣ್ಣೆ ಡಬ್ಬಗಳನ್ನು ಬಿಚ್ಚಿ, ಅಂಗೈ ಅಗಲಕ್ಕೆ ಕತ್ತರಿಸಿ, ಬಿಳಿ ಬಣ್ಣ ಬಳಿದು, ಮೇಲೆ ಕೆಂಪಿನಲ್ಲಿ ಒಂದರಿಂದ ಇನ್ನೂರ ನಲವತ್ತರವರೆಗೆ ಅಂಕಿ ಬರೆದು, ಒಂದೊಂದನ್ನೂ ಒಂದೊಂದು ಗೂಟಕ್ಕೆ ಮೊಳೆ ಹೊಡೆದು, ಹದ್ದಿನಬಂಡೆಯ ಮೇಲೆ ತಾನು ನೆಟ್ಟಿದ್ದ ಪ್ರತಿ ಗಿಡದ ಪಕ್ಕದಲ್ಲೂ ಅವನು ಊರಿದ್ದ. ಹೀಗೆ ಮಾಡೆಂದು ಯಾರೂ ಹೇಳಿರಲಿಲ್ಲ. ಇಲಾಖೆಯ ಸುತ್ತೋಲೆಯಲ್ಲಿ ‘ಗಿಡಗಳನ್ನು ಎಣಿಕೆಗೆ ಸಿದ್ಧವಾಗಿಡತಕ್ಕದ್ದು’ ಎಂದಷ್ಟೇ ಇತ್ತು. ಬೇರೆ ಯಾರಾದರೂ ಆಗಿದ್ದರೆ ಕಲ್ಲಿಗೊಂದು ಸುಣ್ಣದ ಬೊಟ್ಟಿಟ್ಟು ಸುಮ್ಮನಾಗುತ್ತಿದ್ದರು. ಆದಿನಾರಾಯಣಪ್ಪ ಸಸ್ಯಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದವನು. ಹೊಸಕೋಟೆಯಿಂದ ಭೂಮಿ ಅಳೆಯುವ ಸರಪಳಿಯನ್ನೂ ಎರವಲು ತಂದು, ಗಿಡದಿಂದ ಗಿಡಕ್ಕೆ ಅಳತೆ ಹಿಡಿದು, ನಕ್ಷೆ ಬರೆದಿಟ್ಟಿದ್ದ.

ಹದ್ದಿನಬಂಡೆ ನಂದಗುಡಿಯಿಂದ ಎರಡು ಮೈಲಿ ಆಚೆ, ಬಂಡೇಪಾಳ್ಯದ ಬೆನ್ನಿಗಿರುವ ಗುಡ್ಡ. ಗುಡ್ಡ ಎಂದರೆ ಬರೀ ಕಲ್ಲು. ಅಜ್ಜಂದಿರ ಕಾಲದಲ್ಲಿ ಅಲ್ಲಿ ಕುರುಚಲು ಕಾಡಿತ್ತಂತೆ. ಸೌದೆಗೆ ಅರ್ಧ ಹೋಯಿತು, ಆಡು ಕುರಿಗಳಿಗೆ ಉಳಿದರ್ಧ ಹೋಯಿತು, ಆಮೇಲೆ ಮಣ್ಣು ತಾನಾಗಿಯೇ ಹೋಯಿತು. ಎರಡು ವರ್ಷದ ಕೆಳಗೆ ಇಲಾಖೆ ಅದಕ್ಕೆ ‘ಶಿಲಾವನ’ ಎಂದು ಹೆಸರಿಟ್ಟು, ಒಂದು ಬೋರ್ಡು ನೆಟ್ಟು, ಉಳಿದದ್ದನ್ನು ಆದಿನಾರಾಯಣಪ್ಪನಿಗೆ ಬಿಟ್ಟಿತ್ತು. ಹೊರಗಿನ ಗಿಡ ಒಂದೂ ಕೂಡದು, ಈ ನೆಲದ ಗಿಡಗಳೇ ಈ ನೆಲಕ್ಕೆ ಮರಳಬೇಕು ಎಂಬುದು ಯೋಜನೆ. ಅವನು ಬಂಡೆಯ ಬಿರುಕು ಬಿರುಕನ್ನೂ ತಡವಿ ನೋಡಿ, ನೀರಿಳಿಯುವ ಬಿರುಕುಗಳನ್ನು ಗುರುತು ಹಾಕಿ, ಕೆರೆಯ ಗೋಡುಮಣ್ಣನ್ನು ಮಂಕರಿಯಲ್ಲಿ ಹೊರಿಸಿ ತುಂಬಿಸಿ, ಕಾರೆ, ಬಂದರಿಕೆ, ತಂಗಡಿ, ಕಗ್ಗಲಿ, ಜಾಲಾರಿ ಸಸಿಗಳನ್ನು ಕೂರಿಸಿದ್ದ. ಬೀಜವನ್ನು ದೂರದಿಂದ ತಂದಿರಲಿಲ್ಲ. ಗುಡ್ಡದ ತೆಂಕಣ ಮಗ್ಗುಲಿನ ಕೊರಕಲು ಹಳ್ಳದಲ್ಲಿ, ಆಡು ಇಳಿಯಲಾಗದ ಕಡೆ, ಹಳೆಯ ಕಾಡಿನ ಒಂದು ತುಣುಕು ಉಳಿದುಕೊಂಡಿತ್ತು. ಅಲ್ಲಿಂದ ಒಂದೊಂದೇ ಬೀಜ ಆಯ್ದಿದ್ದ.

ಆರು ವರ್ಷದಿಂದ ಅವನು ತಾತ್ಕಾಲಿಕ ಕ್ಷೇತ್ರ ಸಹಾಯಕ. ಆರು ತಿಂಗಳಿಗೊಮ್ಮೆ ಅವನ ಕೆಲಸಕ್ಕೆ ಒಂದು ಕೊನೆಯ ತಾರೀಖು ಬರುತ್ತಿತ್ತು. ಅದರ ಹಿಂದಿನ ದಿನ ಇನ್ನಾರು ತಿಂಗಳು ಎಂಬ ಕಾಗದ ಬರುತ್ತಿತ್ತು. ಈ ಸಲದ ಕಾಗದ ಹಾಗಲ್ಲ. ಮೊದಲ ಬೇಸಿಗೆ ದಾಟಿ ಮೂರರಲ್ಲಿ ಎರಡು ಪಾಲು, ಅಂದರೆ ನೂರ ಅರವತ್ತು ಗಿಡ, ಬದುಕಿದ್ದರೆ ಖಾಯಂ, ಇಲ್ಲದಿದ್ದರೆ ಮನೆಗೆ. ಹೆಂಡತಿ ಅನುಸೂಯಮ್ಮ ತ್ಯಾಮಗೊಂಡ್ಲಿನ ತವರಿನಲ್ಲಿದ್ದಳು. ‘ಖಾಯಂ ಆಗ್ಲಿ, ಮನೆ ಮಾಡೋಣ’ ಎಂದು ಅವನು ಮದುವೆಯಾದ ಹೊಸತರಲ್ಲಿ ಹೇಳಿದ್ದ ಮಾತನ್ನು ಈಗ ಅವಳ ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು, ಹಳೆಯ ಗಾದೆ ಹೇಳುವ ಹಾಗೆ.

ಶುಕ್ರವಾರ ಅವನು ಎಣಿಸಿದ. ನೂರ ಎಪ್ಪತ್ತೊಂದು ಬದುಕಿದ್ದವು. ನಂಬದೆ ಇನ್ನೊಮ್ಮೆ, ಕೆಳಗಿನಿಂದ ಮೇಲಕ್ಕೆ ಎಣಿಸಿದ. ನೂರ ಎಪ್ಪತ್ತೊಂದೇ. ಶನಿವಾರ ತ್ಯಾಮಗೊಂಡ್ಲಿಗೆ ಹೋಗಿ ಹೆಂಡತಿಗೆ ಹೇಳಿದ. ಅವಳು ಎದ್ದು ಅಟ್ಟದ ಮೇಲಿದ್ದ ಪಾತ್ರೆಗಳನ್ನು ಇಳಿಸತೊಡಗಿದಳು.

ಸೋಮವಾರ ಮೂರು ಗಂಟೆಗೆ ಸಾಹೇಬರ ತನಿಖೆ. ಬೆಳಗಿನ ಮೊದಲ ಬಸ್ಸು ಹಿಡಿದು, ಬೆಂಗಳೂರಿನಲ್ಲಿ ಬಸ್ಸು ಬದಲಿಸಿ, ಒಂಬತ್ತೂವರೆಗೆ ನಂದಗುಡಿಯಲ್ಲಿಳಿದು ನಡೆದು ಬಂದ ಆದಿನಾರಾಯಣಪ್ಪ, ದೂರದಿಂದಲೇ ಗುಡ್ಡವನ್ನು ನೋಡಿ ನಿಂತುಬಿಟ್ಟ. ಬಂಡೆಯ ಮೇಲೆ ಜನ. ಬೆಲ್ಲದ ಅಚ್ಚಿಗೆ ಇರುವೆ ಮುತ್ತಿದ ಹಾಗೆ ಊರಿಗೆ ಊರೇ ಹತ್ತಿ ಕುಳಿತಿತ್ತು.

ಮೊದಲು ಸಿಕ್ಕಿದವಳು ಮುನಿಗಂಗಮ್ಮ. ಅವರಿವರ ಹೊಲದಲ್ಲಿ ಕಳೆ ತೆಗೆದು ಬದುಕುವ ವಿಧವೆ. ನೂರ ಹದಿನೇಳನೇ ಗೂಟಕ್ಕೆ ಬೆನ್ನು ಕೊಟ್ಟು, ಕಾಲು ಚಾಚಿ, ಎಲೆಯಡಿಕೆ ಮೆಲ್ಲುತ್ತಿದ್ದಳು.

“ಇಲ್ಲಿದ್ದ ಗಿಡ ಎಲ್ಲಮ್ಮ?” ಎಂದ ಆದಿನಾರಾಯಣಪ್ಪ.

“ಯಾವ್ ಗಿಡ ಸ್ವಾಮಿ?”

“ಜಾಲಾರಿ ಸಸಿ. ಈ ಬಿರುಕಿನಲ್ಲಿತ್ತು.”

“ಓ, ಅದಾ. ಕಿತ್ತಾಕ್ಬಿಟ್ಟೆ. ನೆಲ ಹಸನಾಗಿರ್ಬೇಕು ಅಂತ ಪಾಪಯ್ಯ ಹೇಳ್ದ. ಹುರುಳಿ ಚೆಲ್ಲಿವ್ನಿ ನೋಡಿ, ನಾಕು ಕಾಳು. ಬೆಳೀದಿದ್ರೂ ಬ್ಯಾಡ, ನಂದು ಅಂತ ಒಂದು ಗುರ್ತು.”

ಸಸಿ ಅವಳ ಕಾಲ ಬಳಿಯಲ್ಲೇ ಬಿದ್ದಿತ್ತು. ಅವನು ಎತ್ತಿಕೊಂಡ. ಈ ಜಾತಿಯ ಗಿಡ ಮೊದಲ ವರ್ಷ ಮೇಲೆ ಬೆಳೆಯುವುದೇ ಇಲ್ಲ. ನೆಲದ ಮೇಲೆ ಗೇಣುದ್ದ ಕಂಡರೆ, ನೆಲದ ಕೆಳಗೆ ಬೇರು ನೀರು ಹುಡುಕಿಕೊಂಡು ಮೂರು ಮೊಳ ಇಳಿದಿರುತ್ತದೆ. ಕೈಗೆ ಬಂದ ಬೇರು ನಾಲ್ಕು ಬೆರಳಷ್ಟಿತ್ತು. ಉಳಿದದ್ದು ಬಂಡೆಯೊಳಗೆ ಉಳಿದಿತ್ತು. ಇನ್ನು ಅದನ್ನು ಎಲ್ಲಿ ನೆಟ್ಟರೂ ಒಂದೇ, ಒಲೆಗೆ ಇಟ್ಟರೂ ಒಂದೇ.

ಆ ವರ್ಷ, ಎಪ್ಪತ್ತೈದರಲ್ಲಿ, ಊರೂರಿನಲ್ಲೂ ಭೂಮಿಯದೇ ಮಾತು. ಉಳುವವನಿಗೆ ಭೂಮಿ, ಇಲ್ಲದವನಿಗೆ ದರಖಾಸ್ತು ಜಮೀನು ಎಂದು ಟೀ ಅಂಗಡಿಗಳಲ್ಲಿ ದಿನಪತ್ರಿಕೆಯನ್ನು ಗಟ್ಟಿಯಾಗಿ ಓದಿಸಿ ಕೇಳುತ್ತಿದ್ದರು. ಹೊಸಕೋಟೆಯ ಕಚೇರಿಯ ಮುಂದೆ ಅರ್ಜಿ ಹಿಡಿದು ನಿಂತವರ ಸಾಲು ಹುಣಸೆಮರದ ನೆರಳನ್ನು ದಾಟಿ ರಸ್ತೆಗೆ ಬರುತ್ತಿತ್ತು. ಇಂಥ ಹೊತ್ತಿನಲ್ಲಿ ಒಬ್ಬ ಸರ್ಕಾರದ ಮನುಷ್ಯ ಸರಪಳಿ ಹಿಡಿದು ಗುಡ್ಡ ಅಳೆದ, ಗೂಟ ಊರಿದ, ಗೂಟಕ್ಕೆ ಕೆಂಪು ನಂಬರು ಹಾಕಿದ, ಶನಿವಾರ ಯಾರಿಗೂ ಹೇಳದೆ ಬಸ್ಸು ಹತ್ತಿದ. ಸೋಮವಾರ ದೊಡ್ಡ ಸಾಹೇಬರು ಬರುತ್ತಾರೆಂದು ಊರಿಗೆಲ್ಲ ಗೊತ್ತಿತ್ತು. ಬಂಡೇಪಾಳ್ಯದವರು ಎರಡಕ್ಕೆ ಎರಡು ಕೂಡಿದರು. ಭಾನುವಾರ ಬೆಳಕು ಹರಿಯುವುದರೊಳಗೆ ಗುಡ್ಡ ಹಂಚಿಹೋಗಿತ್ತು.

ಹಂಚಿದವನು ಪಾಪಯ್ಯ. ತಾಲ್ಲೂಕು ಕಚೇರಿಯ ಮುಂದೆ ಮೂವತ್ತು ವರ್ಷ ಅರ್ಜಿ ಬರೆದು ಕಣ್ಣು ಮಂಜಾದ ಮೇಲೆ ಊರಿಗೆ ಬಂದು ಕೂತವನು. ಕೆಟ್ಟವನಲ್ಲ; ಕಾನೂನು ಗೊತ್ತಿದ್ದವನು, ಅಷ್ಟೆ. ಒಂದನೇ ಗೂಟದ ಪಕ್ಕ ಕೊಡೆ ಬಿಚ್ಚಿಕೊಂಡು, ಉದ್ದನೆಯ ಪುಸ್ತಕದಲ್ಲಿ ನಂಬರಿನ ಮುಂದೆ ಹೆಸರು ಬರೆಯುತ್ತಿದ್ದ.

“ಪಾಪಯ್ಯನೋರೆ, ಇದೇನು ಅನ್ಯಾಯ. ಇವು ಗಿಡದ ನಂಬರುಗಳು. ಇಲ್ಲಿ ಯಾರಿಗೂ ಜಮೀನು ಕೊಡ್ತಾ ಇಲ್ಲ,” ಎಂದ ಆದಿನಾರಾಯಣಪ್ಪ.

ಪಾಪಯ್ಯ ಕನ್ನಡಕವನ್ನು ಹಣೆಗೇರಿಸಿ ಕರುಣೆಯಿಂದ ನೋಡಿದ. “ಕೂತ್ಕೊಳ್ಳಿ ಸ್ವಾಮಿ. ಬಿಸಿಲಲ್ಲಿ ಬಂದಿದೀರಿ. ಸರಪಳಿ ಹಿಡಿದು ಅಳತೆ ಮಾಡಿದ್ದು ಯಾರು?”

“ನಾನೇ.”

“ಗೂಟ ಊರಿದ್ದು?”

“ನಾನೇ. ಆದರೆ ಅದು ಗಿಡಕ್ಕೆ.”

“ಕಾರೆಮುಳ್ಳಿಗೆ ನಂಬರಾ?” ಪಾಪಯ್ಯ ಸುತ್ತ ನಿಂತವರನ್ನು ನೋಡಿದ. “ಸ್ವಾಮಿ, ನನ್ನ ಮನೆಗೆ ಒಂದು ನಂಬರು ಕೊಡಿ ಅಂತ ಎಂಟು ವರ್ಷದಿಂದ ಅರ್ಜಿ ಹಾಕ್ತಾ ಇದೀನಿ. ಮನುಷ್ಯ ಇರೋ ಮನೆಗೆ ಕೊಡದ ನಂಬರು, ಮೇಕೆ ತಿನ್ನದ ಮುಳ್ಳಿಗೆ ಕೊಡ್ತದಾ ಸರ್ಕಾರ? ನೀವೇ ಓದಿದೋರು, ಯೋಚನೆ ಮಾಡಿ.”

ಆದಿನಾರಾಯಣಪ್ಪ ಯೋಚನೆ ಮಾಡಿದ. ಆ ದೃಷ್ಟಿಯಿಂದ ನೋಡಿದರೆ ಅವನಿಗೂ ಅದು ನಂಬುವಂಥ ಮಾತಾಗಿ ಕಾಣಲಿಲ್ಲ.

“ಇದು ಬಂಡೆ ಕಣಯ್ಯ. ಇಲ್ಲಿ ಏನು ಬೆಳೀತೀರಿ?” ಎಂದು ಜನರ ಕಡೆ ತಿರುಗಿದ.

“ಬೆಳೆಯೋ ಮಾತು ಆಮ್ಯಾಕೆ. ಮೊದ್ಲು ನಮ್ದಾಗ್ಲಿ,” ಎಂದ ದೊಡ್ಡಮುನಿಯಪ್ಪ. ಅವನು ಮನೆಯ ಐದು ಜನರ ಹೆಸರಿನಲ್ಲಿ ಐದು ಗೂಟ ಹಿಡಿದಿದ್ದ. ಐದನೆಯದು ಹೊಟ್ಟೆಯಲ್ಲಿದ್ದ ಮೊಮ್ಮಗನಿಗೆ. “ಇವ್ರು ಯಾಕ್ ಇಲ್ಲ ಇಲ್ಲ ಅಂತಾವ್ರೆ ಗೊತ್ತಾ? ಶನಿವಾರ ತ್ಯಾಮಗೊಂಡ್ಲಿಗೆ ಓಡಿದ್ದು ಸುಮ್ನೆ ಅಲ್ಲ. ಅವ್ರ ಕಡೆಯೋರ್ಗೆ ಬರ್ಸೋಕೆ ಹೋಗಿದ್ರು.”

ಜನ ಗುಜುಗುಜು ಎಂದರು. ಆದಿನಾರಾಯಣಪ್ಪ ಅಲ್ಲಿಂದ ಎದ್ದು ಗೂಟದಿಂದ ಗೂಟಕ್ಕೆ ಓಡಿದ. ನಿಂತಿದ್ದ ಗಿಡ ಇಪ್ಪತ್ತೊಂಬತ್ತು. ಅವೂ ಕಾರೆ ಗಿಡಗಳು. ಕೈ ಹಾಕಿದವರ ಬೆರಳು ಚುಚ್ಚಿದ್ದರಿಂದ ಉಳಿದಿದ್ದವು. ಉಳಿದ ಸಸಿಗಳನ್ನೆಲ್ಲ ಕಿತ್ತು ಒಂದು ಕಡೆ ರಾಶಿ ಹಾಕಿದ್ದರು. ಹಬ್ಬ ಕಳೆದ ಮಾರನೆಯ ದಿನದ ತೋರಣದ ಹಾಗೆ ಆ ರಾಶಿ ಬಾಡುತ್ತಿತ್ತು.

ಕಾವಲುಗಾರ ಆಂಜಿನಪ್ಪ ಎಲ್ಲೂ ಕಾಣಲಿಲ್ಲ. ಹುಡುಕಿದಾಗ ಒಂದು ಗುಂಡುಕಲ್ಲಿನ ಹಿಂದೆ, ಹನ್ನೆರಡನೇ ಗೂಟದ ಹತ್ತಿರ, ಹೆಂಡತಿಯ ಜೊತೆ ಕುಳಿತಿದ್ದ.

“ನೀನು ಕಾವಲುಗಾರ ಕಣಯ್ಯ.”

“ಕಾಯ್ತಾನೇ ಇವ್ನಲ್ಲ ಸ್ವಾಮಿ. ಹನ್ನೆರಡ್ನೆ ನಂಬರ. ಎದ್ದೋದ್ರೆ ದೊಡ್ಡಮುನಿಯಪ್ಪ ಬಂದು ಕೂತ್ಕೊಂತಾನೆ.”

“ಮೂರು ಗಂಟೆಗೆ ಸಾಹೇಬರು ಬರ್ತಾರೆ. ಇಪ್ಪತ್ತೊಂಬತ್ತು ಗಿಡ ಇವೆ. ನನ್ನ ಕೆಲಸ ಹೋಯಿತು ಅಂತಲೇ ಲೆಕ್ಕ.”

ಆಂಜಿನಪ್ಪನಿಗೆ ನಿಜವಾಗಿಯೂ ಕನಿಕರವಾಯಿತು. ಆದರೆ ಕೂತಲ್ಲಿಂದ ಏಳಲಿಲ್ಲ. “ಸ್ವಾಮಿ, ನೀವು ಜಮೀನಿಲ್ಲ ಜಮೀನಿಲ್ಲ ಅಂತ ನೂರ್ ಸಲ ಅಂದ್ರೂ ಇವ್ರ ತಲೆಗೋಗಲ್ಲ. ಅಂದಷ್ಟೂ ಗಟ್ಟಿಯಾಗ್ ಕೂತ್ಕೊಂತಾರೆ. ಅವ್ರು ಏನ್ ನಂಬ್ಕೊಂಡವ್ರೋ ಅದ್ರೊಳಗೇ ಒಂದು ದಾರಿ ನೋಡಿ.”

ಆದಿನಾರಾಯಣಪ್ಪ ಸುಳ್ಳು ಹೇಳುವವನಲ್ಲ. ಪ್ರಯೋಗಶಾಲೆಯ ಪುಸ್ತಕದಲ್ಲಿ ತಪ್ಪು ಬಂದ ಅಂಕಿಯನ್ನು ಅಳಿಸದೆ, ಅಡ್ಡಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯುತ್ತಿದ್ದವನು. ಹತ್ತು ನಿಮಿಷ ಬಂಡೆಯ ಮೇಲೆ ಕುಳಿತು, ಒಂದೊಂದು ಪದವನ್ನೂ ತೂಗಿ ನೋಡಿದ. ಆಮೇಲೆ ಎತ್ತರದ ಕಲ್ಲೊಂದನ್ನು ಹತ್ತಿ ನಿಂತು ಹೇಳಿದ:

“ಎಲ್ಲರೂ ಕೇಳಿ. ಮೂರು ಗಂಟೆಗೆ ಸಾಹೇಬರು ಬಂದು ನೋಡೋದು ಹುರುಳಿಯನ್ನಲ್ಲ, ಗಿಡವನ್ನ. ಯಾವ ನಂಬರಿನ ಹತ್ತಿರ ಗಿಡ ಇಲ್ಲವೋ ಆ ನಂಬರನ್ನ ಹೊಡೆದು ಹಾಕ್ತಾರೆ. ಇಷ್ಟೇ ನನಗೆ ಗೊತ್ತಿರೋದು.”

ಇದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಪಾಪಯ್ಯ ಎದ್ದು ನಿಂತ. “ನಾನ್ ಅಂದ್ಕೊಂಡೆ. ಇದ್ರೊಳಗೆ ಏನೋ ಒಂದು ಷರತ್ತಿರ್ತದೆ ಅಂತ. ಮೊದಲೇ ಹೇಳೋಕೇನಾಗಿತ್ತು ಸ್ವಾಮಿ ನಿಮಗೆ?”

ಮುಂದೆ ನಡೆದದ್ದನ್ನು ನೋಡಲು ಆದಿನಾರಾಯಣಪ್ಪನಿಗೆ ಎರಡು ಕಣ್ಣು ಸಾಲದಾಯಿತು. ಜನವೆಲ್ಲ ಆ ರಾಶಿಯ ಮೇಲೆ ಬಿದ್ದರು. ನನ್ನ ಗಿಡ ಇದು, ಅಲ್ಲ ನಿಂದು ಅದು ಎಂದು ಎಳೆದಾಡಿ ಎಷ್ಟೋ ಸಸಿಗಳನ್ನು ಮುರಿದರು. ನೆಟ್ಟವನಿಗೇ ಗುರುತು ಸಿಗದ ಕಡ್ಡಿಗಳನ್ನು ಅವರು ಹೆತ್ತ ಮಕ್ಕಳ ಹಾಗೆ ಗುರುತು ಹಿಡಿದರು. ಬಂದರಿಕೆ ಹೋಗಿ ತಂಗಡಿಯ ನಂಬರಿಗೆ ಕುಳಿತಿತು, ಕಗ್ಗಲಿ ಹೋಗಿ ಜಾಲಾರಿಯ ಕುಳಿಗೆ ಬಿತ್ತು. ಅರ್ಧ ಮೈಲಿ ದೂರದ ಕೆರೆಯಿಂದ ಕೊಡಗಳ ಸಾಲು ಹತ್ತಿತು. ಒಬ್ಬಳು ಎಂಬತ್ತೆಂಟನೇ ಗೂಟಕ್ಕೆ ಬಾಳೆಕಂದು ತಂದು ನೆಟ್ಟಳು.

“ಬಾಳೆ ಬಂಡೆ ಮೇಲೆ ಬರಲ್ಲಮ್ಮ. ಇದು ಈ ಗುಡ್ಡದ ಗಿಡ ಅಲ್ಲ.”

“ನಿಮ್ ಗಿಡಕ್ಕಿಂತ ಲಕ್ಷಣವಾಗೈತಲ್ಲ ಸ್ವಾಮಿ. ಸಾಹೇಬ್ರು ಒಳ್ಳೇದು ಬಿಟ್ಟು ಕೆಟ್ಟದ್ದು ಕೇಳ್ತಾರಾ?”

“ಹೊರಗಿನದು ಕೂಡದು. ಗುಡ್ಡದಲ್ಲೇ ಹುಟ್ಟಿದ್ದಾಗಬೇಕು.”

ಈ ಮಾತು ಅವನ ಬಾಯಿಂದ ಬಿದ್ದದ್ದೇ ತಡ, ಅದು ಗುಡ್ಡದ ಈ ತುದಿಯಿಂದ ಆ ತುದಿಗೆ ಹೋಯಿತು. ಅವನು ಚೆಂಡು ಹೂವಿನ ಸಸಿ, ಕರಿಬೇವು, ನುಗ್ಗೆಕೊಂಬೆಗಳನ್ನು ಕೀಳಿಸುವುದರಲ್ಲಿ ಮುಳುಗಿದ್ದುದರಿಂದ ಅದು ಎಲ್ಲಿಗೆ ಹೋಯಿತೆಂದು ಗಮನಿಸಲಿಲ್ಲ. ಒಂದು ಗಂಟೆಯ ಹೊತ್ತಿಗೆ ತಲೆಯೆತ್ತಿ ನೋಡಿದರೆ, ತೆಂಕಣ ಮಗ್ಗುಲಿನಿಂದ ಹೆಂಗಸರು ಗಂಡಸರು ಹಸಿರು ಹೊರೆ ಹೊತ್ತು ಏರಿ ಬರುತ್ತಿದ್ದರು.

ಅವನು ಕೊರಕಲು ಹಳ್ಳಕ್ಕೆ ಓಡಿದ. ಬಂಡೆಯ ಅಂಚಿಗೆ ನಿಂತು ಕೆಳಗೆ ನೋಡಿದ. ಆಡು ಇಳಿಯಲಾಗದ ಕಡೆ ಬಂಡೇಪಾಳ್ಯ ಇಳಿದಿತ್ತು. ಗುದ್ದಲಿ, ಹಾರೆ, ಮಚ್ಚು. ಬಂದರಿಕೆಯ ಪೊದೆಗಳು ಬುಡಸಮೇತ ಎದ್ದಿದ್ದವು. ತಂಗಡಿಯನ್ನು ಹೂವಿನ ಸಮೇತ ಎಳೆದಿದ್ದರು. ಅವನ ಅಜ್ಜನಿಗಿಂತ ಹಳೆಯದಾದ ಒಂದು ಜಾಲಾರಿ ಮರವಿತ್ತು. ಇಡೀ ಗುಡ್ಡಕ್ಕೆ ಬೀಜ ಕೊಟ್ಟದ್ದು ಅದೊಂದೇ. ಅದನ್ನು ಕೀಳಲಾಗದೆ, ದೊಡ್ಡಮುನಿಯಪ್ಪ ಮೇಲೆ ಹತ್ತಿ ಕೊಂಬೆ ಕೊಂಬೆಯನ್ನೂ ಸವರುತ್ತಿದ್ದ. ನೆಲಕ್ಕೆ ಊರಿದರೆ ಕೊಂಬೆಯೂ ಗಿಡದ ಹಾಗೆಯೇ ಕಾಣುತ್ತದೆ.

ನಿಲ್ಲಿಸಿ ಎನ್ನಲು ಆದಿನಾರಾಯಣಪ್ಪ ಬಾಯಿ ತೆರೆದ. ಅವನು ನಿಲ್ಲಿಸಿ ಎಂದಿದ್ದರೆ ಅವರು ನಿಲ್ಲಿಸುತ್ತಿದ್ದರು. ಆ ಹೊತ್ತಿನಲ್ಲಿ ಷರತ್ತು ಗೊತ್ತಿದ್ದವನು ಅವನೊಬ್ಬನೇ. ಅಷ್ಟರಲ್ಲಿ ಮೇಲಿನಿಂದ ಆಂಜಿನಪ್ಪ ಕೂಗಿದ, “ನೂರ ನಲವತ್ತಾರು ಆಯ್ತು ಸ್ವಾಮಿ.”

ನೂರ ಅರವತ್ತಕ್ಕೆ ಇನ್ನು ಹದಿನಾಲ್ಕು ಬೇಕಿತ್ತು. ಆದಿನಾರಾಯಣಪ್ಪ ತೆರೆದ ಬಾಯನ್ನು ಮುಚ್ಚಿಕೊಂಡು, ಬೆನ್ನು ತಿರುಗಿಸಿ ಗುಡ್ಡ ಹತ್ತಿದ. ಹಿಂದೆ ಮಚ್ಚಿನ ಸದ್ದು ಕೇಳುತ್ತಲೇ ಇತ್ತು. ನೂರ ಅರವತ್ತಾಯಿತು. ಆದರೆ ನೂರ ಅರವತ್ತು ಅವನಿಗೆ ಬೇಕಾದ ಲೆಕ್ಕ, ಊರಿಗೆ ಬೇಕಾದದ್ದಲ್ಲ. ತನ್ನ ನಂಬರು ಖಾಲಿ ಬಿಡಲು ಯಾರೂ ಒಪ್ಪಲಿಲ್ಲ. ಎರಡೂವರೆಯ ಹೊತ್ತಿಗೆ ಇನ್ನೂರ ನಲವತ್ತು ಗೂಟಕ್ಕೂ ಇನ್ನೂರ ನಲವತ್ತು ಹಸಿರು ನಿಂತಿತ್ತು, ಹಳ್ಳದಲ್ಲಿ ಕೆಂಪು ಮಣ್ಣು ಮಾತ್ರ ಉಳಿದಿತ್ತು.

“ಒಂದು ಮಾತು,” ಎಂದು ಪಾಪಯ್ಯ ಎಲ್ಲರನ್ನೂ ಕೂಡಿಸಿಕೊಂಡು ಎಚ್ಚರಿಸಿದ. “ಸಾಹೇಬ್ರ ಮುಂದೆ ಯಾರೂ ಜಮೀನಿನ ಮಾತೆತ್ತಬಾರದು. ನಾವಾಗೇ ಕೇಳಿದ್ರೆ ಆಸೆಬುರುಕ್ರು ಅಂತ ಬರೀತಾರೆ. ಕೇಳಿದ್ದಕ್ಕಷ್ಟೇ ಜವಾಬು. ಗಿಡ ಯಾರ್ದು ಅಂದ್ರೆ ನಮ್ದು ಅನ್ನಿ. ಅಷ್ಟೇ ಸಾಕು.”

ಉಪನಿರ್ದೇಶಕ ಜವರಪ್ಪನವರ ಜೀಪು ಮೂರೂ ಹತ್ತಕ್ಕೆ ಬಂತು. ನಿವೃತ್ತಿಗೆ ಎಂಟು ತಿಂಗಳಿದ್ದ, ಮೃದು ಸ್ವಭಾವದ ಮನುಷ್ಯ. ಇಪ್ಪತ್ತಾರು ವರ್ಷ ಇಂಥ ತನಿಖೆಗಳನ್ನು ಮಾಡಿ, ಗಿಡವಿಲ್ಲದ ಬೋರ್ಡುಗಳನ್ನೇ ನೋಡಿ ನೋಡಿ ಅವರ ಮುಖದಲ್ಲಿ ಒಂದು ಶಾಶ್ವತವಾದ ಬೇಸರ ಕುಳಿತುಬಿಟ್ಟಿತ್ತು. ಮಂಡಿ ಹಿಡಿದುಕೊಂಡು ನಿಧಾನಕ್ಕೆ ಹತ್ತಿದವರು, ಮೇಲೆ ಬಂದು ನೋಡಿ ಹಾಗೆಯೇ ನಿಂತರು.

ಪ್ರತಿ ಗಿಡದ ಪಕ್ಕದಲ್ಲೂ ಒಬ್ಬೊಬ್ಬರು ಕಾದು ಕುಳಿತಿದ್ದರು. ಕೆಲವರು ಗಿಡಕ್ಕೆ ಗೋಣಿಯ ನೆರಳು ಕಟ್ಟಿದ್ದರು. ಒಬ್ಬ ಅಂಗಿ ಬಿಚ್ಚಿ ಹೊದಿಸಿದ್ದ. ದೊಡ್ಡಮುನಿಯಪ್ಪನ ಬಸುರಿ ಸೊಸೆ ತಂಬಿಗೆಯಿಂದ ತೊಟ್ಟು ತೊಟ್ಟಾಗಿ ನೀರು ಬಿಡುತ್ತಿದ್ದಳು. ಮುನಿಗಂಗಮ್ಮ ಸೆರಗನ್ನು ಎರಡು ಕೈಯಲ್ಲಿ ಚಾಚಿ ಜಾಲಾರಿಯ ಕೊಂಬೆಗೆ ಬಿಸಿಲು ತಾಗದಂತೆ ಹಿಡಿದಿದ್ದಳು.

“ಇದು ಯಾರ ಗಿಡಮ್ಮ?” ಎಂದು ಕೇಳಿದರು ಜವರಪ್ಪನವರು.

“ನಂದೇ ಸ್ವಾಮಿ.”

“ಇದನ್ನ ಮೇಕೆ ತಿಂದರೆ?”

“ಮೇಕೆ ಕಾಲು ಮುರೀತೀನಿ.”

“ಯಾರಾದರೂ ಸೌದೆಗೆ ಕಡಿಯೋಕೆ ಬಂದರೆ?”

“ಅವ್ರ ಕಾಲೂ ಮುರೀತೀನಿ ಸ್ವಾಮಿ.”

ಜವರಪ್ಪನವರು ಮುಂದಿನವನನ್ನು ಕೇಳಿದರು. ನಮ್ದೇ ಸ್ವಾಮಿ. ಅದರ ಮುಂದಿನವಳನ್ನು ಕೇಳಿದರು. ನಮ್ದೇ. ಹತ್ತಾರು ಗೂಟ ದಾಟುವಷ್ಟರಲ್ಲಿ ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಎಣಿಸುವ ಕೆಲಸವನ್ನು ಡ್ರೈವರನಿಗೆ ಬಿಟ್ಟರು. ಅವನು ಎಣಿಸಿ ಬಂದು ಇನ್ನೂರ ನಲವತ್ತು ಎಂದ.

“ಒಂದೂ ಸತ್ತಿಲ್ಲವಾ?”

“ಇಲ್ಲ ಸಾರ್.”

“ಕೆಲವು ಸ್ವಲ್ಪ ಬಾಡಿದ ಹಾಗಿವೆ,” ಎಂದರು, ಆದಿನಾರಾಯಣಪ್ಪನ ಕಡೆ ತಿರುಗಿ.

“ಬಿಸಿಲು ಸಾರ್,” ಎಂದ ಆದಿನಾರಾಯಣಪ್ಪ. ಇದೂ ಸುಳ್ಳಲ್ಲ, ಬಿಸಿಲಿತ್ತು.

ಜವರಪ್ಪನವರು ಅವನ ಹೆಗಲ ಮೇಲೆ ಕೈಯಿಟ್ಟು ಜೀಪಿನವರೆಗೂ ನಡೆಸಿಕೊಂಡು ಬಂದರು. ಬಾನೆಟ್ಟಿನ ಮೇಲೆ ಕಾಗದ ಹರಡಿ ದುಂಡಗಿನ ಅಕ್ಷರದಲ್ಲಿ ಎರಡು ಪುಟ ಬರೆದರು. ಆದಿನಾರಾಯಣಪ್ಪ ಆ ಹೊತ್ತು ಮನಸ್ಸಿನಲ್ಲಿ ನಂದಗುಡಿಯಲ್ಲಿ ಒಂದು ಮನೆ ಹಿಡಿದ. ಮುಂದೆ ಜಗಲಿ, ಹಿಂದೆ ಬಾವಿ. ಹಳ್ಳದ ನೆನಪನ್ನು ಆ ಮನೆಯ ಹೊರಗೇ ನಿಲ್ಲಿಸಲು ನೋಡಿದ. ಅದು ಬಾಗಿಲು ತಟ್ಟುತ್ತಲೇ ಇತ್ತು.

“ಕೇಳಿ,” ಎಂದು ಜವರಪ್ಪನವರು ಓದಿದರು. “‘ಸದರಿ ಶಿಲಾವನದಲ್ಲಿ ಗ್ರಾಮಸ್ಥರೇ ಗಿಡಗಳ ಪೂರ್ಣ ಹೊಣೆಯನ್ನು ಹೊತ್ತಿದ್ದು, ಪ್ರತಿ ಗಿಡಕ್ಕೂ ಒಬ್ಬೊಬ್ಬ ಪಾಲಕರಿರುವುದನ್ನು ಕಣ್ಣಾರೆ ಕಂಡಿರುತ್ತೇನೆ. ಆದ್ದರಿಂದ ಕ್ಷೇತ್ರ ಸಹಾಯಕ ಹಾಗೂ ಕಾವಲುಗಾರ ಹುದ್ದೆಗಳ ಅಗತ್ಯ ಇನ್ನು ಕಂಡುಬರುವುದಿಲ್ಲ. ಈ ತಿಂಗಳ ಕೊನೆಗೆ ಅವನ್ನು ರದ್ದುಪಡಿಸಬಹುದು.’”

ಆದಿನಾರಾಯಣಪ್ಪ ಒಂದು ಹೆಜ್ಜೆ ಮುಂದೆ ಬಂದ. “ಸಾರ್, ನೂರ ಅರವತ್ತು ಬದುಕಿದ್ದರೆ ಖಾಯಂ ಅಂತ ಕಾಗದದಲ್ಲಿ ಇತ್ತು.”

“ನೂರ ಅರವತ್ತು ಬದುಕಿದ್ದರೆ ಖಾಯಂ ಮಾಡ್ತಿದ್ದೆ ಕಣ್ರೀ. ಎಂಬತ್ತು ಸತ್ತಿದ್ದರೆ, ಅದಕ್ಕೆ ಮತ್ತೆ ಬೀಜ ಹಾಕಬೇಕು, ಸಸಿ ಮಾಡಬೇಕು, ನೆಡಬೇಕು. ಅದಕ್ಕೆ ಒಬ್ಬ ಬೇಕು. ನೂರ ಎಪ್ಪತ್ತಾಗಿದ್ದರೂ ಮಾಡ್ತಿದ್ದೆ. ಒಂದೂ ಸತ್ತಿಲ್ಲವಲ್ಲ. ನಿಮ್ಮನ್ನ ಇಟ್ಕೊಂಡು ಏನು ಮಾಡಲಿ?”

“ಸಾರ್, ಈ ಗಿಡಗಳು ಬದುಕಲ್ಲ.”

ಮಾತು ಮೆಲ್ಲಗೆ ಬಂತು. ಇನ್ನೂ ಗಟ್ಟಿಯಾಗಿ ಹೇಳಬೇಕಿತ್ತು. ಆದರೆ ಹಿಂದೆ ತಿರುಗಿದರೆ ಬಂಡೆಯ ಅಂಚಿನಲ್ಲಿ ಊರೆಲ್ಲ ಸಾಲಾಗಿ ನಿಂತು, ಪಟ್ಟಾ ಬರೆಯುವುದನ್ನು ಉಸಿರು ಬಿಗಿಹಿಡಿದು ನೋಡುತ್ತಿತ್ತು. ದೊಡ್ಡಮುನಿಯಪ್ಪನ ಕೈಯಲ್ಲಿ ಇನ್ನೂ ಮಚ್ಚಿತ್ತು.

“ಹಾಗನ್ನಿಸ್ತದೆ,” ಎಂದರು ಜವರಪ್ಪನವರು ಮರುಗಿ. “ಮಗಳನ್ನ ಗಂಡನ ಮನೆಗೆ ಕಳಿಸುವಾಗ ನನಗೂ ಹಾಗೇ ಅನ್ನಿಸಿತ್ತು. ಜನ ನೋಡ್ಕೊಳ್ತಾರೆ ಬಿಡಿ.” ಜೀಪು ಹತ್ತಿದರು. ಹೋಗುವಾಗ ಜನರ ಕಡೆ ಕೈ ಮುಗಿದರು. ಜನ ತಿರುಗಿ ಮುಗಿದರು. ಇಷ್ಟು ದೊಡ್ಡ ಸಾಹೇಬರು ತಾವಾಗಿ ಕೈ ಮುಗಿದದ್ದರಿಂದ ಕೆಲಸ ಆದಂತೆಯೇ ಎಂದು ಪಾಪಯ್ಯ ಎಲ್ಲರಿಗೂ ಹೇಳಿದ.

ಆಂಜಿನಪ್ಪನಿಗೆ ತನ್ನ ಹುದ್ದೆ ಹೋದದ್ದು ಅಷ್ಟೇನೂ ನೋಯಲಿಲ್ಲ. ಹನ್ನೆರಡನೇ ನಂಬರು ಅವನ ಹೆಂಡತಿಯ ಹೆಸರಿನಲ್ಲಿತ್ತು. “ನೀವೂ ಒಂದು ಹಿಡ್ಕೊಬೌದಿತ್ತು ಸ್ವಾಮಿ,” ಎಂದ. “ಒಂದೂ ಖಾಲಿ ಇಲ್ವೇ ಈಗ.”

ಸೂರ್ಯ ಇಳಿಯುವ ಹೊತ್ತಿಗೆ ಜನ ಒಬ್ಬೊಬ್ಬರಾಗಿ ಇಳಿದು ಹೋದರು. ಆದಿನಾರಾಯಣಪ್ಪ ಬಂಡೆಯ ಮೇಲೆ ಕುಳಿತೇ ಇದ್ದ. ಎಲೆಗಳು ಆಗಲೇ ಮಗುಚಿಕೊಳ್ಳತೊಡಗಿದ್ದವು. ನಾಳೆ ಸಂಜೆಗೆ ಬಂದರಿಕೆ ಹೋಗುತ್ತದೆ, ನಾಡಿದ್ದು ತಂಗಡಿ, ಜಾಲಾರಿಯ ಕೊಂಬೆ ಒಂದು ವಾರ ಮೋಸ ಮಾಡೀತು. ಇಪ್ಪತ್ತೊಂಬತ್ತು ಕಾರೆ ಉಳಿಯುತ್ತವೆ. ಮತ್ತೆ ನೆಡೋಣವೆಂದರೆ ಬೀಜಕ್ಕೆ ಹಳ್ಳವಿಲ್ಲ.

ಮುನಿಗಂಗಮ್ಮ ಇನ್ನೂ ಹೋಗಿರಲಿಲ್ಲ. ಖಾಲಿ ಕೊಡವನ್ನು ಸೊಂಟಕ್ಕಿಟ್ಟುಕೊಂಡು ಬಂದು ಅವನ ಪಕ್ಕ ನಿಂತಳು.

“ನಿನ್ ಕೆಲ್ಸ ಹೋಯ್ತಂತಲ್ಲಪ್ಪ.”

ಬೆಳಿಗ್ಗೆ ಅವಳು ಸ್ವಾಮಿ ಎಂದಿದ್ದಳು. “ಹೋಯ್ತಮ್ಮ,” ಎಂದ.

“ನಂಗೆ ಸೊಂಟ ಬಿದ್ದೋಗೈತೆ. ಕೆರೆಯಿಂದ ದಿನಾ ಹತ್ತಕಾಗಲ್ಲ. ನನ್ ನಂಬರಿಗೆ ಬೆಳಿಗ್ಗೆ ಒಂದು ಕೊಡ, ಸಂಜೆ ಒಂದು ಕೊಡ ಹಾಕ್ತೀಯಾ? ಎರಡು ಹೊತ್ತು ಮುದ್ದೆ ಹಾಕ್ತೀನಿ. ಸಾರು ಒಂದೊಂದಿನ ಇರ್ತದೆ, ಒಂದೊಂದಿನ ಇರಲ್ಲ.”

ಆದಿನಾರಾಯಣಪ್ಪ ಅವಳನ್ನೇ ನೋಡಿದ. ಆ ದಿನವೆಲ್ಲ ನುಂಗಿಕೊಂಡಿದ್ದ ಮಾತು ಈಗ ಹೊರಗೆ ಬಂತು. “ಅಮ್ಮ, ನಾನು ಹೇಳೋದು ಕೇಳು. ಇದು ಗಿಡ ಅಲ್ಲ, ಕೊಂಬೆ. ಇದಕ್ಕೆ ಬೇರಿಲ್ಲ. ಎಷ್ಟು ನೀರು ಹಾಕಿದರೂ ಬದುಕಲ್ಲ. ಜಮೀನೂ ಬರಲ್ಲ. ಸಾಹೇಬರು ಬರೆದದ್ದು ಪಟ್ಟಾ ಅಲ್ಲ, ನನ್ನ ಕೆಲಸ ತೆಗೆಯೋ ಕಾಗದ.”

ಮುನಿಗಂಗಮ್ಮ ಸಮಾಧಾನವಾಗಿ ಕೇಳಿಸಿಕೊಂಡಳು. “ಬೆಳಿಗ್ಗೆ ಜಮೀನಿಲ್ಲ ಅಂದೆ. ಆಮ್ಯಾಕೆ ಗಿಡ ಇರೋರ್ಗೆ ಐತೆ ಅಂದೆ. ಈಗ ಗಿಡಾನೇ ಅಲ್ಲ ಅಂತೀಯ. ಓದಿದೋನು ಒಂದ್ ಮಾತ್ ಮ್ಯಾಲೆ ನಿಲ್ಬೇಕು ಕಣಪ್ಪ.”

ಕೆಳಗೆ ಬಂಡೇಪಾಳ್ಯದ ಮನೆಗಳಲ್ಲಿ ಒಲೆಯ ಹೊಗೆ ಏಳುತ್ತಿತ್ತು. ಅದನ್ನೇ ನೋಡುತ್ತಾ ಆದಿನಾರಾಯಣಪ್ಪ ಕೇಳಿದ, “ಎಷ್ಟು ದಿನ ಹಾಕಬೇಕು?”

“ಪಟ್ಟಾ ಕೈಗೆ ಬರೋವರ್ಗೂ.”

ಆರು ವರ್ಷದಲ್ಲಿ ಮೊದಲ ಸಲ ಅವನಿಗೆ ಯಾರೋ ಕೊನೆಯ ತಾರೀಖಿಲ್ಲದ ಕೆಲಸ ಕೊಟ್ಟಿದ್ದರು. ಆದಿನಾರಾಯಣಪ್ಪ ಎದ್ದು, ಪಂಚೆ ಎತ್ತಿ ಕಟ್ಟಿ, ಕೊಡಕ್ಕೆ ಕೈ ಚಾಚಿದ.